ಗೋಡೆಗೆ ಒಗ್ಗಿದವರು

ಸಿನಿಮಾ ಮುಗಿದು ದೀಪ ಹಾಕಿದಾಗ ಮುಂದಿನ ಸಾಲಿನಲ್ಲಿ ನಾಲ್ಕೈದು ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ನಮ್ಮ ಬಡಾವಣೆಯ ಗೆಳೆಯರ ಬಳಗ ತಿಂಗಳಿಗೊಂದು ಚಿತ್ರ ತೋರಿಸುತ್ತದೆ. ಆ ತಿಂಗಳು ‘ದಿ ಶಾಶ್ಯಾಂಕ್ ರಿಡೆಂಪ್ಷನ್’ ಇತ್ತು. ಮೊದಲ ಸಲ ನೋಡುತ್ತಿದ್ದವರು ಕಡಿಮೆ. ಮೂರನೆಯ ಸಲ, ಐದನೆಯ ಸಲ ಎಂದು ಬೆರಳು ಮಡಚಿ ಎಣಿಸುವವರೇ ಹೆಚ್ಚು. ಕುರ್ಚಿಗಳನ್ನು ದುಂಡಗೆ ಎಳೆದುಕೊಂಡು ಚರ್ಚೆಗೆ ಕೂತೆವು. ಒಬ್ಬರಾದ ಮೇಲೆ ಒಬ್ಬರು ಎದ್ದು ಒಂದೇ ಮಾತನ್ನು ಬೇರೆ ಬೇರೆ ರಾಗದಲ್ಲಿ ಹೇಳಿದರು: ಭರವಸೆ ಬಿಡಬಾರದು, ತಾಳ್ಮೆಯಿಂದ ಕಾಯಬೇಕು, ಒಳ್ಳೆಯವರಿಗೆ ಕೊನೆಗೆ ಒಳ್ಳೆಯದೇ ಆಗುತ್ತದೆ. ನಿವೃತ್ತರಾದ ಹಿರಿಯರೊಬ್ಬರು, ಜೈಲಿನ ಗ್ರಂಥಾಲಯಕ್ಕಾಗಿ ನಾಯಕ ಆಂಡಿ ವಾರಕ್ಕೊಂದು ಪತ್ರ ಬರೆಯುವ ದೃಶ್ಯವನ್ನು ನೆನೆಯುತ್ತಿದ್ದಂತೆ ಗಂಟಲು ಕಟ್ಟಿ ಕೂತುಬಿಟ್ಟರು.

ನನ್ನ ಸರದಿ ಬಂದಾಗ ನಾನು ಒಂದೇ ಪ್ರಶ್ನೆ ಕೇಳಿದೆ. ನಮ್ಮ ವಾರ್ಡಿನ ಗ್ರಂಥಾಲಯದಲ್ಲಿ ಎರಡು ವರ್ಷದಿಂದ ಒಳಗಿನ ಕೋಣೆಗೆ ದೀಪವಿಲ್ಲ. ಮಳೆ ಬಂದರೆ ಕಥೆ-ಕಾದಂಬರಿಗಳ ಕಪಾಟಿನ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸುತ್ತಾರೆ. ದಿನಪತ್ರಿಕೆ ಬಿಟ್ಟರೆ ಹೊಸದೇನೂ ಬರುವುದಿಲ್ಲ. ಇಲ್ಲಿ ಕೂತವರಲ್ಲಿ ಯಾರಾದರೂ ಇದರ ಬಗ್ಗೆ ಒಂದು ಪತ್ರ ಬರೆದಿದ್ದೀರಾ?

ಯಾರೂ ಮಾತಾಡಲಿಲ್ಲ. ಆಮೇಲೆ ಅದೇ ಹಿರಿಯರು, ಐದು ನಿಮಿಷದ ಹಿಂದೆ ಗಂಟಲು ಕಟ್ಟಿದ್ದವರು, ಸಮಾಧಾನದ ದನಿಯಲ್ಲಿ ಹೇಳಿದರು: “ಬರೆದರೆ ಏನಾಗುತ್ತೆ ಬಿಡಿ ಸಾರ್. ಇರೋದ್ರಲ್ಲೇ ಅಡ್ಜಸ್ಟ್ ಮಾಡ್ಕೊಂಡು ಹೋಗಬೇಕು.”

ಉಳಿದವರು ತಲೆಯಾಡಿಸಿದರು. ಚಹಾ ಬಂತು. ಆ ರಾತ್ರಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಈ ಚಿತ್ರವನ್ನು ನಾವು ನೋಡುತ್ತಿರುವ ರೀತಿಯೇ ತಪ್ಪು ಎಂದು ನೇರವಾಗಿ ಹೇಳುತ್ತೇನೆ. ಒಬ್ಬ ಮನುಷ್ಯ ಹತ್ತೊಂಬತ್ತು ವರ್ಷ ಬೆರಳು ಸವೆಸಿ ಮಾಡಿದ ಕೆಲಸವನ್ನು ನಾವು ಎರಡೂಕಾಲು ಗಂಟೆಯಲ್ಲಿ ನೋಡಿ, ಅವನ ಫಲವನ್ನು ನಮ್ಮ ಖಾತೆಗೆ ಬರೆದುಕೊಂಡು, ಹಗುರಾಗಿ ಮನೆಗೆ ಹೋಗುತ್ತೇವೆ. ಅತ್ತದ್ದೇ ಬದಲಾದಂತೆ ಎಂದು ನಂಬುತ್ತೇವೆ.

ಚಿತ್ರ ಬಂದದ್ದು 1994ರಲ್ಲಿ. ಸ್ಟೀಫನ್ ಕಿಂಗ್ 1982ರಲ್ಲಿ ಪ್ರಕಟಿಸಿದ ‘ಡಿಫರೆಂಟ್ ಸೀಸನ್ಸ್’ ಸಂಗ್ರಹದ ಒಂದು ನೀಳ್ಗತೆಯನ್ನು ಫ್ರಾಂಕ್ ಡರಬಾಂಟ್ ತೆರೆಗೆ ತಂದರು. ಚಿತ್ರಮಂದಿರದಲ್ಲಿ ಅದು ಸೋತಿತು. ಏಳು ಆಸ್ಕರ್ ನಾಮನಿರ್ದೇಶನ ಸಿಕ್ಕಿದರೂ ಒಂದೂ ಪ್ರಶಸ್ತಿ ಬರಲಿಲ್ಲ. ಆಮೇಲೆ ವಿಡಿಯೊ ಕ್ಯಾಸೆಟ್ಟು, ಕೇಬಲ್ ಟಿವಿಗಳ ಮೂಲಕ ಅದು ಮನೆಮನೆ ಹೊಕ್ಕು, ಇವತ್ತು ಜಗತ್ತಿನಲ್ಲೇ ಅತಿ ಹೆಚ್ಚು ಮೆಚ್ಚುಗೆ ಪಡೆದ ಚಿತ್ರಗಳ ಪಟ್ಟಿಯ ಮೇಲ್ತುದಿಯಲ್ಲಿ ಕೂತಿದೆ. ಇಷ್ಟು ಜನ, ಇಷ್ಟು ಸಲ ನೋಡಿದ ಮೇಲೂ ನೆನಪಿನಲ್ಲಿ ಉಳಿದದ್ದು ಜೈಲಿನಿಂದ ತಪ್ಪಿಸಿಕೊಂಡು ಮಳೆಯಲ್ಲಿ ಕೈ ಚಾಚಿ ನಿಂತ ಆಂಡಿಯ ಒಂದು ಚಿತ್ರ. ಅದನ್ನೇ ಮೊಬೈಲಿನ ಪರದೆಗೆ ಹಾಕಿಕೊಳ್ಳುತ್ತೇವೆ, ಹೊಸ ವರ್ಷದ ದಿನ ಸ್ಟೇಟಸ್ಸಿಗೆ ಹಾಕುತ್ತೇವೆ. ಆ ಮಳೆಗೆ ಮೊದಲು ಅವನು ತೆವಳಿದ ಐನೂರು ಗಜದ ಒಳಚರಂಡಿ ಪೈಪನ್ನು ಯಾರೂ ಸ್ಟೇಟಸ್ಸಿಗೆ ಹಾಕುವುದಿಲ್ಲ.

ಚಿತ್ರದೊಳಗೆ ನಿಜಕ್ಕೂ ಏನಾಗುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ. 1947ರಲ್ಲಿ ಅಮೆರಿಕದ ಮೇನ್ ರಾಜ್ಯದ ಒಬ್ಬ ಬ್ಯಾಂಕ್ ಅಧಿಕಾರಿ, ಆಂಡಿ ಡುಫ್ರೇನ್, ಹೆಂಡತಿಯನ್ನೂ ಅವಳ ಪ್ರಿಯಕರನನ್ನೂ ಕೊಂದ ಆರೋಪದ ಮೇಲೆ ಎರಡು ಜೀವಾವಧಿ ಶಿಕ್ಷೆ ಹೊತ್ತು ಜೈಲಿಗೆ ಬರುತ್ತಾನೆ. ಅವನು ಕೊಂದಿಲ್ಲ. ಜೈಲಿನ ಗ್ರಂಥಾಲಯ ಎಂಬ ಹೆಸರಿನ ಉಗ್ರಾಣಕ್ಕೆ ಪುಸ್ತಕ ಬೇಕೆಂದು ರಾಜ್ಯದ ಸೆನೆಟ್ಟಿಗೆ ವಾರಕ್ಕೊಂದು ಪತ್ರ ಬರೆಯಲು ಶುರುಮಾಡುತ್ತಾನೆ. ಮೊದಲ ಉತ್ತರ ಬರುವುದು ಆರು ವರ್ಷದ ನಂತರ. ವಾರಕ್ಕೊಂದರಂತೆ ಆರು ವರ್ಷವೆಂದರೆ 300ಕ್ಕೂ ಹೆಚ್ಚು ಪತ್ರ. ಅಷ್ಟಕ್ಕೂ ಉತ್ತರವಿಲ್ಲ. ಕೊನೆಗೆ 200 ಡಾಲರಿನ ಒಂದು ಚೆಕ್ಕು, ಹಳೆಯ ಪುಸ್ತಕಗಳ ಪೆಟ್ಟಿಗೆಗಳು, ಇನ್ನು ದಯವಿಟ್ಟು ಬರೆಯಬೇಡಿ ಎಂಬ ಕೋರಿಕೆ ಒಟ್ಟಿಗೆ ಬರುತ್ತವೆ. ಆಂಡಿ ಅಂದಿನಿಂದ ವಾರಕ್ಕೆ ಎರಡು ಪತ್ರ ಬರೆಯುತ್ತಾನೆ. 1959ರಲ್ಲಿ ಸೆನೆಟ್ಟಿನವರು ಸೋತು, ವರ್ಷಕ್ಕೆ 500 ಡಾಲರ್ ಮಂಜೂರು ಮಾಡುತ್ತಾರೆ. ಕೆನಡಿ ಹತ್ಯೆಯಾದ 1963ರ ಹೊತ್ತಿಗೆ, ಇಲಿಯ ಹಿಕ್ಕೆ ಮತ್ತು ಟರ್ಪೆಂಟೈನ್ ವಾಸನೆ ಹೊಡೆಯುತ್ತಿದ್ದ ಆ ಕೋಣೆ ಒಂದು ಒಳ್ಳೆಯ ಗ್ರಂಥಾಲಯವಾಗಿರುತ್ತದೆ.

ನಾವು ಒಂದು ಅರ್ಜಿ ಕೊಟ್ಟು, ಹದಿನೈದು ದಿನ ಕಾದು, ‘ನಮ್ಮ ದೇಶ ಇಷ್ಟೇ’ ಎಂದು ತೀರ್ಪು ಕೊಡುವವರು. ಅದೂ ಒಂದು ಅರ್ಜಿ ಕೊಟ್ಟವರ ಮಾತಾಯಿತು. ಹೆಚ್ಚಿನವರು ಅಷ್ಟನ್ನೂ ಮಾಡದೆ ತೀರ್ಪಿಗೆ ಬಂದಿರುತ್ತಾರೆ. ನಮ್ಮ ಗ್ರಂಥಾಲಯವೇನೂ ಯಾರದೋ ದಾನವಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವೂ ಸೇರಿರುತ್ತದೆ. ರಸೀದಿಯಲ್ಲಿ ಆ ಸಾಲನ್ನು ಓದಿದವರೆಷ್ಟು ಜನ? ದುಡ್ಡು ಕಟ್ಟಿ, ರಸೀದಿ ಮಡಚಿ ಬೀರುವಿನಲ್ಲಿಟ್ಟು, ಕತ್ತಲ ಕೋಣೆಯಲ್ಲಿ ಪತ್ರಿಕೆ ತಿರುವಿ, ‘ಇರೋದ್ರಲ್ಲೇ’ ಎನ್ನುವವನಿಗೆ ಆಂಡಿಗಾಗಿ ಅಳುವ ಹಕ್ಕು ಎಲ್ಲಿಂದ ಬಂತು?

ಆಂಡಿ ಕೊರೆದ ಗೋಡೆಯ ವಿಷಯವೂ ಅಷ್ಟೇ. ಅಂಗೈ ಅಗಲದ ಕಲ್ಲುಸುತ್ತಿಗೆಯನ್ನು ನೋಡಿದ ಜೊತೆ ಕೈದಿ ರೆಡ್, ಇದರಿಂದ ಸುರಂಗ ತೋಡಲು ಆರುನೂರು ವರ್ಷ ಬೇಕಾದೀತು ಎಂದು ಲೆಕ್ಕ ಹಾಕುತ್ತಾನೆ. ಆಂಡಿ ಇಪ್ಪತ್ತು ವರ್ಷದೊಳಗೆ ಮುಗಿಸುತ್ತಾನೆ. ರೀಟಾ ಹೇವರ್ತ್, ಮರ್ಲಿನ್ ಮನ್ರೋ, ರಕೆಲ್ ವೆಲ್ಚ್ ಎಂದು ಗೋಡೆಯ ಮೇಲಿನ ಚಿತ್ರಪಟಗಳು ಬದಲಾಗುತ್ತವೆ, ಹಿಂದಿನ ತೂತು ಬೆಳೆಯುತ್ತದೆ. ಕೊರೆದ ಮಣ್ಣನ್ನು ಪ್ಯಾಂಟಿನೊಳಗೆ ಬಚ್ಚಿಟ್ಟು, ಅಂಗಳದಲ್ಲಿ ನಡೆಯುತ್ತಾ ಹಿಡಿಹಿಡಿಯಾಗಿ ಉದುರಿಸುತ್ತಾನೆ. ಆದರೆ ಈ ಹತ್ತೊಂಬತ್ತು ವರ್ಷದ ರಾತ್ರಿಗಳನ್ನು ಸಿನಿಮಾ ತೋರಿಸುವುದು ಕೊನೆಯಲ್ಲಿ, ಒಂದೆರಡು ನಿಮಿಷಗಳಲ್ಲಿ. ತೋರಿಸಲು ಬೇರೆ ದಾರಿಯೂ ಇಲ್ಲ. ಒಬ್ಬ ಮನುಷ್ಯ ಗೋಡೆ ಕೆರೆಯುವುದನ್ನು ಆರು ಸಾವಿರಕ್ಕೂ ಹೆಚ್ಚು ರಾತ್ರಿ ಯಾರು ನೋಡುತ್ತಾರೆ? ನಮ್ಮ ಚಟ ಹುಟ್ಟುವುದು ಅಲ್ಲಿಯೇ. ಕತ್ತರಿಸಿ ಜೋಡಿಸಿದ ಆ ಎರಡು ನಿಮಿಷವನ್ನೇ ನಾವು ಭರವಸೆ ಎಂದು ಕರೆಯುತ್ತೇವೆ.

ಮನಃಶಾಸ್ತ್ರ ಈ ಚಟವನ್ನು ಅಳೆದು ನೋಡಿದೆ. ಗೇಬ್ರಿಯಲ್ ಓಟಿಂಗನ್ ಎಂಬ ವಿಜ್ಞಾನಿ ದಶಕಗಳ ಕಾಲ ಇದೊಂದನ್ನೇ ಬೆನ್ನು ಹತ್ತಿದರು. ತೂಕ ಇಳಿಸಲು ಬಂದ ಹೆಂಗಸರಲ್ಲಿ, ತೆಳ್ಳಗಾದ ತಮ್ಮನ್ನು ಸೊಗಸಾಗಿ ಕಲ್ಪಿಸಿಕೊಂಡವರೇ ಕಡಿಮೆ ತೂಕ ಇಳಿಸಿದರು. ಓದು ಮುಗಿಸಿದ ತರುಣರಲ್ಲಿ, ಒಳ್ಳೆಯ ಕೆಲಸ ಸಿಕ್ಕಂತೆ ಹೆಚ್ಚು ಕನಸು ಕಂಡವರು ಕಡಿಮೆ ಅರ್ಜಿ ಹಾಕಿದರು, ಕಡಿಮೆ ಸಂಬಳ ಪಡೆದರು. ಸುಖದ ಕಲ್ಪನೆಯಲ್ಲಿ ಮುಳುಗಿದವರ ರಕ್ತದೊತ್ತಡವೂ ಇಳಿಯುತ್ತದೆ ಎಂದು ಆಮೇಲಿನ ಪ್ರಯೋಗಗಳಲ್ಲಿ ಕಂಡಿತು. ಎಂದರೆ ದೇಹ, ಕೆಲಸ ಆಯಿತು ಎಂದುಕೊಂಡು ವಿಶ್ರಾಂತಿಗೆ ಇಳಿಯುತ್ತದೆ. ಮಳೆಯ ದೃಶ್ಯ ನೋಡಿ ನಿಮಗೆ ಬರುವ ಹಗುರು ಇದೇ. ಅದನ್ನು ಸ್ಫೂರ್ತಿ ಎಂದು ಕರೆದುಕೊಳ್ಳಬೇಡಿ. ಅದು ಜೋಗುಳ.

ನೀವು ನಿಜವಾಗಿಯೂ ನಿಮ್ಮನ್ನು ನೋಡಿಕೊಳ್ಳಬೇಕಾದದ್ದು ಆಂಡಿಯಲ್ಲಿ ಅಲ್ಲ, ಬ್ರೂಕ್ಸ್ ಹ್ಯಾಟ್ಲೆನ್‌ನಲ್ಲಿ.

ಜೇಮ್ಸ್ ವಿಟ್ಮೋರ್ ನಟಿಸಿದ ಆ ಮುದುಕನನ್ನು ನೆನೆಯಿರಿ. 1905ರಲ್ಲಿ ಒಳಗೆ ಬಂದವನು. ಪುಸ್ತಕದ ಗಾಡಿ ತಳ್ಳುತ್ತಾ ಕೋಣೆ ಕೋಣೆಗೂ ಓದಲು ಕೊಡುವವನು. ಗೂಡಿನಿಂದ ಬಿದ್ದ ಕಾಗೆ ಮರಿಯನ್ನು ಅಂಗಿಯೊಳಗಿಟ್ಟುಕೊಂಡು ಸಾಕುವವನು. ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಎಲ್ಲರ ಪ್ರೀತಿಗೆ ಪಾತ್ರನಾದವನು. ಐವತ್ತು ವರ್ಷದ ನಂತರ ಅವನಿಗೆ ಬಿಡುಗಡೆಯ ಕಾಗದ ಬರುತ್ತದೆ. ಬಂದೊಡನೆ ಅವನು ಮಾಡುವ ಮೊದಲ ಕೆಲಸವೇನು? ಗೆಳೆಯನ ಕತ್ತಿಗೆ ಚಾಕು ಹಿಡಿಯುತ್ತಾನೆ. ಇನ್ನೊಂದು ಅಪರಾಧ ಮಾಡಿದರೆ ಇಲ್ಲೇ ಇಟ್ಟುಕೊಳ್ಳುತ್ತಾರಲ್ಲ ಎಂಬ ಆಸೆ. ಹೊರಗೆ ಹೋದ ಮೇಲೆ, ದಿನಸಿ ಅಂಗಡಿಯಲ್ಲಿ ಚೀಲ ತುಂಬುವ ಕೆಲಸ. ಕೈ ಗಂಟು ನೋವು. ರಸ್ತೆ ತುಂಬ ಕಾರು. ರಾತ್ರಿ ನಿದ್ದೆ ಬಾರದೆ, ಅಂಗಡಿಯನ್ನು ದೋಚಿದರೆ ಮತ್ತೆ ಮನೆಗೆ ಕಳಿಸುತ್ತಾರೇನೋ ಎಂದು ಯೋಚಿಸುತ್ತಾನೆ. ಜೈಲು ಅವನಿಗೆ ಮನೆ. ಕೊನೆಗೆ ತೊಲೆಯಲ್ಲಿ ತನ್ನ ಹೆಸರು ಕೆತ್ತಿ, ಅದೇ ತೊಲೆಗೆ ನೇಣು ಹಾಕಿಕೊಳ್ಳುತ್ತಾನೆ.

ಬ್ರೂಕ್ಸ್ ಯಾಕೆ ಹೊರಗೆ ಬರಲೊಲ್ಲ ಎಂಬುದನ್ನು ರೆಡ್ ಉಳಿದವರಿಗೆ ಬಿಡಿಸಿ ಹೇಳುತ್ತಾನೆ. ಒಳಗೆ ಅವನು ಓದಿಕೊಂಡ, ಬೇಕಾದ ಮನುಷ್ಯ. ಹೊರಗೆ ಅವನಿಗೆ ಗ್ರಂಥಾಲಯದ ಕಾರ್ಡು ಕೂಡ ಸಿಗುವುದು ಕಷ್ಟ. ಗೋಡೆಯನ್ನು ಮೊದಲು ದ್ವೇಷಿಸುತ್ತೀಯ, ಆಮೇಲೆ ಒಗ್ಗಿಕೊಳ್ಳುತ್ತೀಯ, ಕೊನೆಗೆ ಅದಿಲ್ಲದೆ ನಿಲ್ಲಲಾರೆ ಎನ್ನುವುದು ಅವನ ಮಾತಿನ ಸಾರ. ಅಮೆರಿಕದ ಜೈಲೊಂದನ್ನು ಹೊಕ್ಕು ಅಧ್ಯಯನ ಮಾಡಿದ ಡೊನಾಲ್ಡ್ ಕ್ಲೆಮರ್ 1940ರಲ್ಲೇ ಈ ಒಗ್ಗುವಿಕೆಯನ್ನು ವಿವರಿಸಿ ಅದಕ್ಕೊಂದು ಹೆಸರಿಟ್ಟಿದ್ದರು. ಎರ್ವಿಂಗ್ ಗಾಫ್‌ಮನ್ 1961ರ ತಮ್ಮ ‘ಅಸೈಲಮ್ಸ್’ ಪುಸ್ತಕದಲ್ಲಿ ಜೈಲು, ಹುಚ್ಚಾಸ್ಪತ್ರೆ, ಸೇನಾ ಶಿಬಿರಗಳೆಲ್ಲ ಮನುಷ್ಯನ ದಿನಚರಿಯನ್ನೇ ಕಿತ್ತುಕೊಂಡು ಅವನನ್ನು ಹೇಗೆ ಹೊಸದಾಗಿ ಅಚ್ಚು ಹಾಕುತ್ತವೆ ಎಂದು ತೋರಿಸಿದರು. ಅದಕ್ಕೆ ಅವರು ದಪ್ಪ ಪುಸ್ತಕ ಬರೆಯಬೇಕಾಯಿತು. ನಮ್ಮಲ್ಲಿ ಅದಕ್ಕೊಂದೇ ಮಾತಿದೆ. ಬಸ್ಸಿನಲ್ಲಿ, ಕಚೇರಿಯಲ್ಲಿ, ಮನೆಯಲ್ಲಿ, ಬೆಳಗಿನಿಂದ ರಾತ್ರಿಯವರೆಗೆ ನಾವು ಅದನ್ನು ಒಳ್ಳೆಯತನ ಎಂದು ತಿಳಿದು ಬಳಸುತ್ತೇವೆ: ಅಡ್ಜಸ್ಟ್ ಮಾಡ್ಕೊಳ್ಳಿ.

ಪಕ್ಕದವನಿಗೆ ಸೀಟಿನಲ್ಲಿ ಜಾಗ ಬಿಡುವುದು ಒಳ್ಳೆಯತನ ಹೌದು. ಅದೇ ಮಾತು ಕಿತ್ತುಹೋದ ರಸ್ತೆಗೆ, ಹತ್ತು ವರ್ಷದಿಂದ ಅವಮಾನ ನುಂಗುವ ಕೆಲಸಕ್ಕೆ, ಇಷ್ಟವಿಲ್ಲದ ಮದುವೆಗೆ, ಲಂಚಕ್ಕೆ ಹರಡಿಕೊಂಡಾಗ ಅದು ಬ್ರೂಕ್ಸ್‌ನ ಗಾಡಿ. ಅದನ್ನು ತಳ್ಳುತ್ತಾ ನಾವು ಮರ್ಯಾದಸ್ಥರಾಗಿ ಮುದುಕರಾಗುತ್ತೇವೆ. ಬರೆಯಬೇಕೆಂದಿದ್ದ ಪುಸ್ತಕ ‘ರಿಟೈರ್ ಆಗಲಿ’ ಎಂದು ಕಾಯುತ್ತದೆ. ಹಳ್ಳಿಗೆ ಮರಳಿ ತೋಟ ಮಾಡುವ ಆಸೆ ‘ಮನೆ ಸಾಲ ತೀರಲಿ’ ಎಂದು ಕಾಯುತ್ತದೆ. ಅಣ್ಣತಮ್ಮಂದಿರ ಜೊತೆ ಆಡಬೇಕಿದ್ದ ಒಂದು ಮಾತು ‘ಮಗಳ ಮದುವೆ ಆಗಲಿ’ ಎಂದು ಕಾಯುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಈ ಕಾಯುವಿಕೆಗೆ ನಾವು ಇಟ್ಟ ಹೆಸರು ತಾಳ್ಮೆ. ಆಂಡಿಯದೂ ತಾಳ್ಮೆಯೇ ಅಲ್ಲವೇ ಎಂದು ನೀವು ಕೇಳುತ್ತೀರಿ. ಅವನು ಒಂದು ರಾತ್ರಿಯೂ ಬರಿಗೈಯಲ್ಲಿ ಕಾಯಲಿಲ್ಲ.

ರೆಡ್‌ನನ್ನೂ ಸುಮ್ಮನೆ ಬಿಡಬೇಡಿ. ಮಾರ್ಗನ್ ಫ್ರೀಮನ್‌ನ ದನಿಗೆ ಮನಸೋತು ನಾವು ಆ ಪಾತ್ರದ ಸೋಲನ್ನು ಗಮನಿಸುವುದೇ ಇಲ್ಲ. ಇಪ್ಪತ್ತು ವರ್ಷ ಮುಗಿದಾಗ ಪೆರೋಲ್ ಮಂಡಳಿಯ ಮುಂದೆ ಟೋಪಿ ತೆಗೆದು, ಪಾಠ ಒಪ್ಪಿಸಿದಂತೆ ನಾನು ಬದಲಾಗಿದ್ದೇನೆ ಎನ್ನುತ್ತಾನೆ. ತಿರಸ್ಕಾರದ ಮುದ್ರೆ ಬೀಳುತ್ತದೆ. ಮೂವತ್ತು ವರ್ಷವಾದಾಗ ಅದೇ ಪಾಠ, ಅದೇ ಮುದ್ರೆ. ನಲವತ್ತನೆಯ ವರ್ಷ, ಎದುರಿನವರನ್ನು ಮೆಚ್ಚಿಸುವ ಆಸೆ ಸತ್ತ ಮೇಲೆ, ತಾನು ಕೊಂದ ಹುಡುಗನನ್ನು, ಆಗಿನ ತನ್ನ ಮೂರ್ಖತನವನ್ನು ನೆನೆದು ನಿಜ ಹೇಳುತ್ತಾನೆ. ಬಿಡುಗಡೆ ಸಿಗುತ್ತದೆ. ನಾವು ದಿನಾ ಎಷ್ಟು ಮಂಡಳಿಗಳ ಮುಂದೆ ಆ ಪಾಠ ಒಪ್ಪಿಸುತ್ತೇವೆ! ಮೇಲಧಿಕಾರಿಯ ಮುಂದೆ, ನೆಂಟರ ಮುಂದೆ, ಯಾರು ಏನಂದುಕೊಂಡಾರು ಎಂಬ ಅದೃಶ್ಯ ಮಂಡಳಿಯ ಮುಂದೆ. ಹೊರಬಂದ ಮೇಲೆ ರೆಡ್‌ನದೂ ಅದೇ ದಿನಸಿ ಅಂಗಡಿ, ಬ್ರೂಕ್ಸ್ ಇದ್ದ ಅದೇ ಕೋಣೆ. ಅಲ್ಲಿ ಮೂತ್ರಕ್ಕೆ ಹೋಗಲೂ ಅವನು ಅಪ್ಪಣೆ ಕೇಳುತ್ತಾನೆ. ಪ್ರತಿಸಲ ಕೇಳಬೇಕಿಲ್ಲ ಎಂದು ಮ್ಯಾನೇಜರ್ ಹೇಳಿದರೂ, ಅಪ್ಪಣೆಯಿಲ್ಲದೆ ಒಂದು ಹನಿಯೂ ಬಾರದು ಎಂಬ ಸ್ಥಿತಿ. ಬೀಗ ತೆಗೆದದ್ದು ಸರ್ಕಾರ. ಅಪ್ಪಣೆ ಕೇಳುವ ನಾಲಗೆ ಇನ್ನೂ ಒಳಗೇ ಇದೆ.

1967ರಲ್ಲಿ, ಎಂದರೆ ರೆಡ್‌ಗೆ ಬಿಡುಗಡೆಯಾಗುವ ವರ್ಷವೇ, ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳ ಮೇಲೆ ನಡೆಸಿದ ಪ್ರಯೋಗವೊಂದು ಪ್ರಕಟವಾಯಿತು. ಕೆಲವು ನಾಯಿಗಳಿಗೆ ವಿದ್ಯುತ್ ಆಘಾತವನ್ನು ತಾವೇ ನಿಲ್ಲಿಸುವ ಅವಕಾಶವಿತ್ತು. ಇನ್ನು ಕೆಲವಕ್ಕೆ ಏನು ಮಾಡಿದರೂ ನಿಲ್ಲುತ್ತಿರಲಿಲ್ಲ. ಆಮೇಲೆ ಎಲ್ಲವನ್ನೂ ತಗ್ಗು ಅಡ್ಡಗೋಡೆಯಿರುವ ಪೆಟ್ಟಿಗೆಗೆ ಬಿಟ್ಟರು. ಒಂದು ನೆಗೆತಕ್ಕೆ ಆಘಾತದಿಂದ ಪಾರು. ಮೊದಲ ಗುಂಪಿನವು ನೆಗೆದವು. ಎರಡನೆಯ ಗುಂಪಿನ ಹೆಚ್ಚಿನವು ಅಲ್ಲೇ ಮುದುರಿಕೊಂಡು ಕುಂಯ್‌ಗುಟ್ಟಿದವು. ಅವುಗಳನ್ನು ಮತ್ತೆ ನೆಗೆಯುವಂತೆ ಮಾಡಲು, ಕೊರಳಿಗೆ ಹಗ್ಗ ಕಟ್ಟಿ ಅಡ್ಡಗೋಡೆಯ ಆಚೆಗೆ ಮತ್ತೆ ಮತ್ತೆ ಎಳೆಯಬೇಕಾಯಿತು. ಆ ನಾಯಿಗಳನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಅಸಹಾಯಕತೆಯನ್ನು ಜೀವ ಕಲಿಯುತ್ತದೆ ಎಂದು ಆ ವಿಜ್ಞಾನಿಗಳು ಆಗ ಹೇಳಿದರು. ಸುಮಾರು ಐವತ್ತು ವರ್ಷದ ನಂತರ, 2016ರಲ್ಲಿ, ಅವರಿಬ್ಬರೇ ಮಿದುಳಿನ ಹೊಸ ಅಧ್ಯಯನಗಳನ್ನು ಮುಂದಿಟ್ಟು, ನಾವು ತಲೆಕೆಳಗಾಗಿ ಹೇಳಿದ್ದೆವು ಎಂದು ಒಪ್ಪಿಕೊಂಡರು. ದೀರ್ಘ ನೋವಿನಲ್ಲಿ ಮುದುರಿ ಕೂರುವುದನ್ನು ಯಾರೂ ಕಲಿಸಬೇಕಿಲ್ಲ. ಅದು ಜೀವದ ಮೂಲ ಗುಣ. ಕಲಿಯಬೇಕಾದದ್ದು ಹಿಡಿತ. ನಾನು ಮಾಡಿದರೆ ಏನಾದರೂ ಆಗುತ್ತದೆ ಎಂಬುದನ್ನು ಮಿದುಳು ಅನುಭವದಿಂದ, ಒಂದೊಂದೇ ಸಣ್ಣ ಕೆಲಸದಿಂದ ಕಲಿಯಬೇಕು.

ಇದನ್ನು ಓದಿದ ಮೇಲೆ ನನಗೆ ಆಂಡಿಯ ಪತ್ರಗಳ ಅರ್ಥ ಬೇರೆಯಾಗಿ ಕಂಡಿತು. ಛಾವಣಿಗೆ ಟಾರು ಬಳಿಯುವ ದಿನ ಕ್ರೂರ ಕಾವಲುಗಾರನಿಗೆ ತೆರಿಗೆ ಉಳಿಸುವ ಉಪಾಯ ಹೇಳಿ, ಪ್ರತಿಯಾಗಿ ಜೊತೆಗಾರರಿಗೆ ತಲಾ ಮೂರು ಬಾಟಲಿ ಬಿಯರ್ ಕೇಳಿದ್ದು, ಕಚೇರಿಯ ಬಾಗಿಲು ಹಾಕಿಕೊಂಡು ಮೊಜಾರ್ಟ್‌ನ ಹಾಡನ್ನು ಇಡೀ ಜೈಲಿಗೆ ಕೇಳಿಸಿ ಎರಡು ವಾರ ಒಂಟಿ ಕೋಣೆ ಸೇರಿದ್ದು, ಇವೆಲ್ಲ ಅಭ್ಯಾಸಗಳು. ಛಾವಣಿಯ ಮೇಲೆ ಅವನು ತಾನು ಬಿಯರ್ ಕುಡಿಯುವುದಿಲ್ಲ. ಕುಡಿಯುತ್ತಿರುವವರನ್ನು ನೋಡುತ್ತಾ ಕೂರುತ್ತಾನೆ. ಅವನಿಗೆ ಬೇಕಾದದ್ದು, ಕೇಳಿದರೆ ಸಿಗುತ್ತದೆ ಎಂಬ ಆ ಒಂದು ಅನುಭವ. ಸಿ. ಆರ್. ಸ್ನೈಡರ್ ಎಂಬ ಮನಃಶಾಸ್ತ್ರಜ್ಞರು ಭರವಸೆಯನ್ನು ಎರಡು ಭಾಗ ಮಾಡಿದರು: ಗುರಿಯತ್ತ ಹೋಗುತ್ತೇನೆ ಎಂಬ ಹಟ, ಮತ್ತು ಹೋಗುವ ದಾರಿಗಳನ್ನು ಹುಡುಕುವ ಬುದ್ಧಿ. ಒಂದು ದಾರಿ ಮುಚ್ಚಿದರೆ ಇನ್ನೊಂದು. ನಮ್ಮ ನಿತ್ಯದ ‘ಭರವಸೆ ಇಡಿ’ ಎಂಬ ಉಪದೇಶದಲ್ಲಿ ಈ ಎರಡೂ ಇಲ್ಲ. ಇರುವುದು ‘ನೋಡೋಣ’ ಎಂಬ ಮಾತು ಮಾತ್ರ. ಹಾಗೆಂದವರು ನೋಡುವುದೂ ಇಲ್ಲ.

ಭರವಸೆ ಅಪಾಯಕಾರಿ, ಅದು ಮನುಷ್ಯನನ್ನು ಹುಚ್ಚನನ್ನಾಗಿಸುತ್ತದೆ ಎಂದು ರೆಡ್ ಆಂಡಿಗೆ ಎಚ್ಚರಿಸುತ್ತಾನೆ. ಅವನದು ಪೂರ್ತಿ ತಪ್ಪಲ್ಲ. ನಾಜಿ ಶಿಬಿರಗಳಲ್ಲಿ ಬದುಕುಳಿದ ವಿಕ್ಟರ್ ಫ್ರಾಂಕಲ್, 1944ರ ಕ್ರಿಸ್‌ಮಸ್ ಮತ್ತು 1945ರ ಹೊಸ ವರ್ಷದ ನಡುವೆ ತಮ್ಮ ಶಿಬಿರದಲ್ಲಿ ಸಾವುಗಳು ವಿಪರೀತ ಹೆಚ್ಚಿದ್ದನ್ನು ಬರೆದಿದ್ದಾರೆ. ಕ್ರಿಸ್‌ಮಸ್ ಹೊತ್ತಿಗೆ ಮನೆಯಲ್ಲಿರುತ್ತೇವೆ ಎಂದು ನಂಬಿ ಕಾದವರು, ಆ ದಿನ ಬಂದು ಹೋದಾಗ ಕುಸಿದರು ಎನ್ನುವುದು ಅಲ್ಲಿನ ವೈದ್ಯರ ಅಭಿಪ್ರಾಯವಾಗಿತ್ತು. ಬೇರೆ ಯಾರೋ ಬಾಗಿಲು ತೆಗೆಯುವ ತಾರೀಕಿಗೆ ಕಟ್ಟಿದ ಭರವಸೆ ಕೊಲ್ಲಬಲ್ಲದು. ರೆಡ್ ಕಂಡ ಅಪಾಯ ಅದು. ಆಂಡಿ ಕೊಟ್ಟ ಮೌತ್ ಆರ್ಗನ್ ಅನ್ನು ಅವನು ರಾತ್ರಿ ತುಟಿಗಿಟ್ಟು, ಒಂದೇ ಒಂದು ಸಣ್ಣ ಉಸಿರು ಊದಿ ನಿಲ್ಲಿಸುತ್ತಾನಲ್ಲ, ಆ ಭಯ ನನಗೆ ಅರ್ಥವಾಗುತ್ತದೆ. ಅರ್ಥವಾಗುವುದೇ ಬೇರೆ, ಅದನ್ನೇ ವಿವೇಕ ಎಂದು ಮಕ್ಕಳಿಗೆ ಕಲಿಸುವುದೇ ಬೇರೆ. ದೊಡ್ಡ ಆಸೆ ಇಟ್ಟುಕೊಳ್ಳಬೇಡ, ಆಮೇಲೆ ನೋವಾಗುತ್ತದೆ ಎಂದು ನಮ್ಮ ಎಷ್ಟು ಮನೆಗಳಲ್ಲಿ ಹೇಳುವುದಿಲ್ಲ?

ಆಂಡಿಯನ್ನು ದೇವರು ಮಾಡಲು ನಾನು ಹೊರಟಿಲ್ಲ. ವಾರ್ಡನ್ ನಾರ್ಟನ್ ಕೈದಿಗಳನ್ನು ಹೊರಗಿನ ಕೆಲಸಕ್ಕೆ ದುಡಿಸಿ ನುಂಗಿದ ದುಡ್ಡಿಗೆ ಸುಳ್ಳು ಲೆಕ್ಕ ಬರೆದವನು ಇವನೇ. ಗ್ರಂಥಾಲಯ ಉಳಿದದ್ದು ಆ ಲೆಕ್ಕದ ನೆರಳಿನಲ್ಲಿ. ಆಂಡಿ ಓದು ಕಲಿಸಿದ ಟಾಮಿ ಎಂಬ ಹುಡುಗ, ಅವನ ನಿರಪರಾಧಿತ್ವಕ್ಕೆ ಸಾಕ್ಷಿಯಾಗಬಲ್ಲವನು, ವಾರ್ಡನ್ನನ ಸಂಚಿಗೆ ಗುಂಡು ತಿಂದು ಸಾಯುತ್ತಾನೆ. ಆಗ ಇನ್ನು ನಿನ್ನ ಲೆಕ್ಕ ಬರೆಯುವುದಿಲ್ಲ ಎನ್ನುತ್ತಾನೆ ಆಂಡಿ. ಗ್ರಂಥಾಲಯವನ್ನೇ ಸುಟ್ಟುಹಾಕುತ್ತೇನೆಂದು ವಾರ್ಡನ್ ಹೆದರಿಸಿ, ಒಟ್ಟು ಎರಡು ತಿಂಗಳು ಕತ್ತಲಲ್ಲಿ ಕೂಡುತ್ತಾನೆ. ಹೊರಬಂದ ಮೇಲೆಯೇ ಅವನು ಗೋಡೆ ದಾಟುವುದು. ಸೌಕರ್ಯ ಅವನನ್ನೂ ಕಟ್ಟಿಹಾಕಿತ್ತು. ಕಿಂಗ್ ಅವರ ಮೂಲ ಕಥೆ ಈ ವಿಷಯದಲ್ಲಿ ಚಿತ್ರಕ್ಕಿಂತ ಕಠೋರ. ಅಲ್ಲಿ ಆಂಡಿ ಒಳಗಿರುವುದು ಇಪ್ಪತ್ತೇಳು ವರ್ಷ. ತೂತು ಸಿದ್ಧವಾದ ಮೇಲೂ ವರ್ಷಗಟ್ಟಲೆ ಹೋಗದೆ ಉಳಿದಿರಬೇಕು ಎಂದು ರೆಡ್ ಊಹಿಸುತ್ತಾನೆ. ಸಿಕ್ಕಿಬಿದ್ದರೆ ಎಂಬ ಭಯ, ಪೈಪಿನ ತುದಿಯಲ್ಲಿ ಸರಳು ಇದ್ದರೆ ಎಂಬ ಭಯ, ಜೊತೆಗೆ ಅವನೂ ಆ ಜಾಗಕ್ಕೆ ಒಗ್ಗಿರಬಹುದು ಎಂಬ ಶಂಕೆ. ತೂತು ಕೊರೆದು ಮುಗಿಸಿ, ಅದರ ಮುಂದೆ ಚಿತ್ರಪಟ ಇಳಿಬಿಟ್ಟು ಮಲಗುವವರು ನಮ್ಮಲ್ಲೂ ಇದ್ದಾರೆ. ರಾಜೀನಾಮೆ ಪತ್ರ ಮೂರು ವರ್ಷದಿಂದ ಡ್ರಾಫ್ಟಿನಲ್ಲಿಟ್ಟವರನ್ನು ನಾನು ಬಲ್ಲೆ.

ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದು. ಆಂಡಿ ಓದಿದವನು, ಬ್ಯಾಂಕಿನವನು, ಬಿಳಿಯ. ಕಾವಲುಗಾರರ ತೆರಿಗೆ ಫಾರಂ ತುಂಬುವ ವಿದ್ಯೆ ಅವನಿಗಿತ್ತು. ಎಲ್ಲರಿಗೂ ಅದಿರುವುದಿಲ್ಲ. ನಿಜ. ಆದ್ದರಿಂದಲೇ ನನ್ನ ಈ ಬೈಗುಳ ನಿಜವಾದ ಜೈಲಿನಲ್ಲಿರುವವರಿಗೆ ಅಲ್ಲ. 2022ರ ಕೊನೆಯಲ್ಲಿ ಭಾರತದ ಜೈಲುಗಳಲ್ಲಿದ್ದ ಸುಮಾರು 5.73 ಲಕ್ಷ ಜನರಲ್ಲಿ 4.34 ಲಕ್ಷ ಜನ ವಿಚಾರಣಾಧೀನರು. ಅವರ ತಪ್ಪು ಇನ್ನೂ ಸಾಬೀತಾಗಿರಲಿಲ್ಲ. ಜಾಮೀನು ಸಿಕ್ಕಿಯೂ ಶ್ಯೂರಿಟಿ ಕೊಡುವವರಿಲ್ಲದೆ ಒಳಗೇ ಉಳಿದವರಿದ್ದಾರೆ. ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗಿರದವರು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗ ಕಳೆದಿದ್ದರೆ, ಅತಿ ಗಂಭೀರ ಅಪರಾಧಗಳನ್ನು ಬಿಟ್ಟು, ಅವರನ್ನು ಜಾಮೀನಿನ ಮೇಲೆ ಬಿಡಬೇಕೆಂದು 2024ರಲ್ಲಿ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ಕಾನೂನು ಹೇಳಿದೊಡನೆ ಬೀಗ ತಾನಾಗಿ ತೆರೆಯುವುದಿಲ್ಲ. ಯಾರಾದರೂ ದಿನ ಎಣಿಸಬೇಕು, ಅರ್ಜಿ ಹಾಕಬೇಕು, ಕೇಳಬೇಕು. ಅಂಥವರಿಗೆ ಭರವಸೆಯ ಪಾಠ ಹೇಳುವಷ್ಟು ನಿರ್ದಯಿ ನಾನಲ್ಲ. ಪರಪ್ಪನ ಅಗ್ರಹಾರ ಜೈಲಿನ ಕಡೆಯಿಂದ ದಿನಾ ಕಾರಿನಲ್ಲಿ ಹಾದು, ಅತ್ತ ಒಮ್ಮೆಯೂ ತಿರುಗದೆ ಆಫೀಸು ಸೇರಿ, ರಾತ್ರಿ ಆಂಡಿಗಾಗಿ ಅಳುವ ನಮಗೆ ಹೇಳುತ್ತಿದ್ದೇನೆ. ನಮ್ಮ ಬಾಗಿಲಿಗೆ ಬೀಗವಿಲ್ಲ. ನಮಗೆ ಅಕ್ಷರ ಬರುತ್ತದೆ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಸಾಕು.

ಚಿತ್ರ ತೆಗೆದ ಓಹಿಯೋದ ಮ್ಯಾನ್ಸ್‌ಫೀಲ್ಡ್ ಜೈಲು 1990ರಲ್ಲೇ ಮುಚ್ಚಿತು. ಈಗ ಅದು ಪ್ರವಾಸಿಗಳ ತಾಣ. ಆಂಡಿ ತೆವಳಿದ ಪೈಪನ್ನು ಅಲ್ಲಿ ನೋಡಬಹುದು. ರೆಡ್ ಅಗೆದು ಪತ್ರ ತೆಗೆಯುವ ಆ ಓಕ್ ಮರಕ್ಕೂ ಜನ ಯಾತ್ರೆ ಹೋಗುತ್ತಿದ್ದರು. 2016ರ ಗಾಳಿಗೆ ಅದು ಬಿದ್ದುಹೋಯಿತು. ಬಿಡುಗಡೆಯ ಹಂಬಲವನ್ನು ಫೋಟೊ ತೆಗೆಸಿಕೊಂಡು ಮನೆಗೆ ಒಯ್ಯಬಹುದು ಎನ್ನುವ ಭ್ರಮೆ ನಮ್ಮೊಬ್ಬರದೇ ಅಲ್ಲ.

ನನಗೆ ಇಡೀ ಚಿತ್ರದಲ್ಲಿ ತುಂಬ ಮುಖ್ಯವೆನಿಸುವುದು ಒಂದು ಕ್ಷಣ. ಹೊರಗೆ ಬಂದ ರೆಡ್ ಗಿರವಿ ಅಂಗಡಿಯ ಗಾಜಿನ ಮುಂದೆ ನಿಂತಿದ್ದಾನೆ. ಒಳಗೆ ಬಂದೂಕುಗಳಿವೆ. ಒಂದನ್ನು ಕೊಂಡು ಏನಾದರೂ ಮಾಡಿದರೆ ಮತ್ತೆ ಜೈಲಿಗೆ, ಎಂದರೆ ಅಭ್ಯಾಸಕ್ಕೆ, ಮರಳಬಹುದು. ಪಕ್ಕದಲ್ಲಿ ಒಂದು ದಿಕ್ಸೂಚಿಯೂ ಇದೆ. ಅವನಿಗೆ ಇನ್ನೂ ಧೈರ್ಯ ಬಂದಿಲ್ಲ, ಭರವಸೆಯೂ ಬಂದಿಲ್ಲ. ಆಂಡಿ ಬಚ್ಚಿಟ್ಟದ್ದನ್ನು ಹುಡುಕುತ್ತೇನೆ ಎಂದು ಅವನಿಗೆ ಕೊಟ್ಟ ಒಂದು ಮಾತು ಮಾತ್ರ ಇದೆ. ಅವನು ದಿಕ್ಸೂಚಿ ಕೊಳ್ಳುತ್ತಾನೆ. ಆಮೇಲೆ ಆ ಹುಲ್ಲುಗಾವಲು, ಕಲ್ಲುಗೋಡೆ, ಪತ್ರ. ಪೆರೋಲ್ ಮುರಿದು ಬಸ್ಸು ಹತ್ತಿದ ಮೇಲೂ ಅವನಿಗೆ ಸುಮ್ಮನೆ ಕೂರಲಾಗುವುದಿಲ್ಲ. ಮನಸ್ಸು ಗಟ್ಟಿಯಾದ ಮೇಲೆ ಹೆಜ್ಜೆ ಇಡುತ್ತೇನೆ ಎಂದು ಕಾಯುವವರು ಆ ಕ್ರಮವನ್ನು ಗಮನಿಸಬೇಕು.

ಆ ರಾತ್ರಿಯ ಚಹಾ ಮುಗಿದ ಮೇಲೆ ಮನೆಗೆ ಬಂದು ನಾನು ಮೊದಲ ಪತ್ರ ಬರೆದೆ. ಎರಡು ವರ್ಷ ಆ ಕತ್ತಲ ಕೋಣೆಯಲ್ಲಿ ನಾನೂ ಪತ್ರಿಕೆ ಓದಿದವನೇ, ನಾನೂ ಬರೆದಿರಲಿಲ್ಲ. ಈಗ ಪ್ರತಿ ಸೋಮವಾರ ಒಂದು ಹೋಗುತ್ತಿದೆ. ಕಳೆದ ವಾರ ಹನ್ನೊಂದನೆಯದು ಹೋಯಿತು. ಉತ್ತರ ಬಂದಿಲ್ಲ. ಹನ್ನೆರಡನೆಯದರಲ್ಲಿ ಸಹಿಗೆ ಮೂವತ್ತು ಸಾಲು ಬಿಟ್ಟು, ಹಾಳೆಯನ್ನು ಗ್ರಂಥಾಲಯದ ಮುಂದಿನ ಮೇಜಿನ ಮೇಲಿಟ್ಟಿದ್ದೇನೆ. ಸಂಜೆ ಏಳಕ್ಕೆ ಬಾಗಿಲು ಹಾಕುತ್ತಾರೆ. ಪೆನ್ನನ್ನು ದಾರಕ್ಕೆ ಕಟ್ಟಿದ್ದೇನೆ.